ಹದಿನಾರು ಎಲೆಯಿಂದ ಶಾಲೆಯ ತಟ್ಟೆಯವರೆಗೆ

ಬಾದಾಮಿಯ ಮೇಣ ಬಸದಿಗಳನ್ನು ನೋಡಲು ಬರುವವರು ಮೂರನೆಯ ಗುಹೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಶೇಷನ ಮೇಲೆ ಕುಳಿತ ವಿಷ್ಣು, ಕಾಲೆತ್ತಿದ ತ್ರಿವಿಕ್ರಮ, ಜಗಲಿಯ ಕೆಳಗಿನ ಕುಳ್ಳ ಗಣಗಳ ಸಾಲು ಎಲ್ಲವನ್ನೂ ನೋಡಿ ಮೆಟ್ಟಿಲು ಇಳಿಯುತ್ತಾರೆ. ಅದೇ ಗುಹೆಯ ಅರೆಗಂಬದ ಮೇಲಿರುವ ಸಂಸ್ಕೃತ ಶಾಸನದ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಶಕ ವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯ ಕೀರ್ತಿವರ್ಮನ ತಮ್ಮ ಮಂಗಲೇಶ ಈ ವಿಷ್ಣುಗೃಹವನ್ನು ಮಾಡಿಸಿದನೆಂದು ಅದು ಹೇಳುತ್ತದೆ. ಗುಡಿ ಕಟ್ಟಿಸಿದ್ದರ ಜೊತೆಗೆ ಇನ್ನೊಂದು ಏರ್ಪಾಡೂ ಅದರಲ್ಲಿದೆ. ಒಂದು ಹಳ್ಳಿಯ ಹುಟ್ಟುವಳಿಯನ್ನು ದೇವರಿಗೆ ಬಿಟ್ಟುಕೊಟ್ಟು, ಅದರಿಂದ ನಾರಾಯಣ ಬಲಿ ನಡೆಯಬೇಕು, ನಿತ್ಯ 16 ಮಂದಿ ಬ್ರಾಹ್ಮಣರಿಗೆ ಸತ್ರದಲ್ಲಿ ಊಟ ಆಗಬೇಕು, ಮಿಕ್ಕಿದ್ದು ಊರೂರು ತಿರುಗುವ ಪರಿವ್ರಾಜಕರ ಊಟಕ್ಕೆ ಸಲ್ಲಬೇಕು ಎಂದು ಶಾಸನ ಗೊತ್ತುಮಾಡುತ್ತದೆ.

ಇಂದಿನ ಬಾಗಲಕೋಟೆ ಜಿಲ್ಲೆಯ ನೆಲದಲ್ಲಿ ಅನ್ನದಾನದ ಲೆಕ್ಕ ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಇದು ಒಂದು. ಇಂಥ ಯಾವುದೇ ಏರ್ಪಾಡಿನಲ್ಲಿ ನೋಡಬೇಕಾದ ಮೂರು ಸಂಗತಿಗಳು ಇದರಲ್ಲೇ ಇವೆ. ಅನ್ನದ ಖರ್ಚು ಎಲ್ಲಿಂದ ಬರುತ್ತದೆ? ಪಂಕ್ತಿಯಲ್ಲಿ ಯಾರು ಕೂರುತ್ತಾರೆ? ಕೊಡುವವನ ಮನಸ್ಸು ಬದಲಾದರೆ ಉಣ್ಣುವವನ ಗತಿಯೇನು? ಸುಮಾರು ಸಾವಿರದ ನಾಲ್ಕುನೂರ ಐವತ್ತು ವರ್ಷಗಳ ನಂತರ ಇದೇ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನ ಗಂಟೆ ಬಾರಿಸಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. ಆ ಹದಿನಾರು ಎಲೆಗಳಿಂದ ಈ ತಟ್ಟೆಗಳವರೆಗಿನ ದಾರಿ ನೇರವಾಗಿಲ್ಲ.

ಬನಶಂಕರಿಯ ಪಲ್ಯ, ಹುನಗುಂದ ಸೀಮೆಯ ವರ್ತಕರು

ಬಾದಾಮಿಯ ಹತ್ತಿರವೇ ಇರುವ ಬನಶಂಕರಿಗೆ ಶಾಕಂಭರಿ ಎಂಬ ಇನ್ನೊಂದು ಹೆಸರಿದೆ. ಮಳೆ ಇಲ್ಲದೆ ಲೋಕವೆಲ್ಲ ಒಣಗಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಲೆಗಳನ್ನು ಬೆಳೆದು ಜನರನ್ನು ಉಳಿಸಿದಳು ಎಂಬುದು ಪುರಾಣದ ಕಥೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆಯುವ ಮುನ್ನ ಇಲ್ಲಿ ‘ಪಲ್ಯೇದ ಹಬ್ಬ’ ನಡೆಯುತ್ತದೆ. ಅಂದು ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯ. ಮಳೆಯನ್ನೇ ನಂಬಿ ಬದುಕುವ ಸೀಮೆಯ ಜನ ತಮ್ಮ ದೇವಿಯನ್ನು ಬರದಲ್ಲಿ ಉಣಿಸಿದ ತಾಯಿಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ರಾಜರು ಮಾತ್ರ ಅನ್ನದಾನಕ್ಕೆ ಕೈಹಾಕಿದವರಲ್ಲ. ಹುನಗುಂದ ಸೀಮೆಯ ಐಹೊಳೆ ಹಿಂದೆ ವರ್ತಕರ ದೊಡ್ಡ ಕೇಂದ್ರವಾಗಿತ್ತು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ. ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿದ್ದ ಈ ಸಂಘದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪದ್ಧತಿ ಇದೆ. ಮೆಣಸು, ಅಡಿಕೆ, ಬಟ್ಟೆ, ಧಾನ್ಯದ ಪ್ರತಿ ಹೇರಿನ ಮೇಲೆ ಇಷ್ಟು ಎಂದು ವರ್ತಕರು ತಮಗೆ ತಾವೇ ವಂತಿಗೆ ಹಾಕಿಕೊಂಡು, ಬಂದ ಹಣವನ್ನು ಗುಡಿ, ಮಠ, ಸತ್ರಗಳ ಖರ್ಚಿಗೆ ಬಿಡುತ್ತಿದ್ದರು. ಒಬ್ಬ ಧಣಿಯ ಉದಾರತೆಯನ್ನು ನಂಬಿಕೊಳ್ಳದೆ ಸಣ್ಣ ಸಣ್ಣ ಪಾಲು ಸೇರಿಸಿ ದೊಡ್ಡ ನಿಧಿ ಮಾಡುವ ಉಪಾಯ ಅದು. ಇಂದಿನ ದತ್ತಿ ಸಂಸ್ಥೆಗಳು ತಿಂಗಳ ಚಂದಾ ಕೇಳುವುದೂ ಇದೇ ಲೆಕ್ಕದಲ್ಲಿ.

ದಾನದಿಂದ ದಾಸೋಹಕ್ಕೆ

ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮ ಇರುವುದೂ ಇದೇ ಹುನಗುಂದ ಸೀಮೆಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕಲಿತು ಕಲ್ಯಾಣಕ್ಕೆ ಹೋದ ಬಸವಣ್ಣ ಅನ್ನದಾನದ ಅರ್ಥವನ್ನೇ ಬದಲಾಯಿಸಿದರು. ದಾನ ಎಂಬ ಮಾತಿನಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ದಾಸೋಹ ಎಂಬ ಮಾತಿನಲ್ಲಿ ಕೊಡುವವನೇ ದಾಸ. ಉಣಬಂದವರು ತನ್ನ ಮನೆಗೆ ಬಂದ ದೇವರು, ಬಡಿಸುವುದು ತನ್ನ ಭಾಗ್ಯ ಎಂಬ ಭಾವ ಅದರಲ್ಲಿದೆ. ಎರಡನೆಯ ಬದಲಾವಣೆ ಇದಕ್ಕಿಂತ ದೊಡ್ಡದು. ದಾಸೋಹಕ್ಕೆ ಬರುವ ಅನ್ನ ಕಾಯಕದಿಂದ ಬಂದಿರಬೇಕು. ಲೂಟಿಯ ಧಾನ್ಯಕ್ಕೂ ಬಡ್ಡಿಯ ಧಾನ್ಯಕ್ಕೂ ಅಲ್ಲಿ ಸ್ಥಾನವಿಲ್ಲ. ಮೂರನೆಯದು ಪಂಕ್ತಿ. ಕಲ್ಯಾಣದ ಮಹಾಮನೆಯಲ್ಲಿ ಮಾದಾರ, ಡೋಹರ, ಮಡಿವಾಳ, ಅಂಬಿಗ ಎಂದು ಎಲೆ ಬೇರೆ ಹಾಕುತ್ತಿರಲಿಲ್ಲ.

ಮಹಾಮನೆಯಲ್ಲಿ ನಿತ್ಯ ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಪ್ರಸಾದ ಸ್ವೀಕರಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಸಂಖ್ಯೆ ಭಕ್ತಿಯದು. ಅದೇ ಮಹಾಮನೆಯ ಅಂಗಳದ ಇನ್ನೊಂದು ಕಥೆಯಲ್ಲಿ ಸಂಖ್ಯೆಗಿಂತ ಹೆಚ್ಚಿನ ತಿಳಿವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಇದು, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಕೊಡುವುದಕ್ಕೂ ಒಂದು ಅಳತೆ ಬೇಕು, ಹೆಚ್ಚು ಕೂಡಿಡುವ ಆಸೆಗೆ ದಾಸೋಹದ ಹೆಸರು ನೆಪವಾಗಬಾರದು ಎಂಬುದು ಆ ಬಡ ಹೆಣ್ಣುಮಗಳ ನಿಲುವು. 

ಮುಂದಿನ ಶತಮಾನಗಳಲ್ಲಿ ಈ ಭಾಗದ ಮಠಗಳು ದಾಸೋಹವನ್ನು ಉಳಿಸಿಕೊಂಡು ಬಂದವು. ಸ್ವಾಮಿಗಳು ಜೋಳಿಗೆ ಹಾಕಿಕೊಂಡು ಊರಲ್ಲಿ ಕಂತಿಭಿಕ್ಷೆ ಎತ್ತುವುದು, ಸುಗ್ಗಿಯಲ್ಲಿ ರೈತರು ಕಣದಲ್ಲೇ ಮಠದ ಪಾಲಿನ ಜೋಳ ತೆಗೆದಿಡುವುದು, ಜಾತ್ರೆಗೆ ಹಳ್ಳಿಗಳಿಂದ ಚಕ್ಕಡಿಗಟ್ಟಲೆ ರೊಟ್ಟಿ ಬರುವುದು ರೂಢಿಯಾಯಿತು. ನೆರೆಯ ಕೊಪ್ಪಳದ ಗವಿಮಠದ ಜಾತ್ರೆಗೆ ಇಂದಿಗೂ ಸುತ್ತಲ ಊರುಗಳ ಹೆಣ್ಣುಮಕ್ಕಳು ಲಕ್ಷಗಟ್ಟಲೆ ಜೋಳದ ರೊಟ್ಟಿ ತಟ್ಟಿ ಕಳಿಸುತ್ತಾರೆ. ಆದರೆ ಮಹಾಮನೆಯ ಒಂದೇ ಪಂಕ್ತಿ ಎಲ್ಲ ಕಡೆ ಉಳಿಯಲಿಲ್ಲ. ಅನೇಕ ಊರುಗಳಲ್ಲಿ ಅನ್ನ ಎಲ್ಲರಿಗೂ ಸಿಕ್ಕರೂ ಸಾಲು ಬೇರೆಯಾಯಿತು. ಕೇರಿಯವರಿಗೆ ಹೊರಗೇ ಬಡಿಸುವುದು ನಡೆದುಬಂತು.

ಬರ ಬಂದಾಗ

ಕೊಡುವವರ ಮನಸ್ಸು ಎಷ್ಟೇ ದೊಡ್ಡದಿದ್ದರೂ ಹಗೇವು ಬರಿದಾದರೆ ಮಾಡುವುದೇನು? ನೆಲದೊಳಗೆ ಗುಂಡಿ ತೋಡಿ ಜೋಳ ಕೂಡಿಡುವ ಹಗೇವುಗಳು ಈ ಸೀಮೆಯ ಬರದ ವಿಮೆ. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ತೆಗೆದು ಊರು ಉಳಿಸಿಕೊಳ್ಳಬಹುದು. ಎರಡು ವರ್ಷ ಸತತವಾಗಿ ಕೈಕೊಟ್ಟರೆ ಅದೂ ಸಾಲದು. 1791–92ರ ಬರಕ್ಕೆ ಈ ಕಡೆಯ ಜನ ಇಟ್ಟ ಹೆಸರು ‘ದೋಜಿ ಬರ’. ಹೂಳುವವರೂ ಇಲ್ಲದೆ ಹೊಲದಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂದು ಆ ಹೆಸರು.

1876ರಲ್ಲಿ ಮುಂಗಾರು, ಹಿಂಗಾರು ಎರಡೂ ಹೋದವು. ಆಗ ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೇರಿ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಯಾಗಿದ್ದವು. ಬಾಗಲಕೋಟೆಯ ಹತ್ತಿರದ ಕಲಾದಗಿಯೇ ಅದರ ಮುಖ್ಯ ಠಾಣೆ. ಪ್ರಾಂತದಲ್ಲಿ ಬರದ ಪೆಟ್ಟು ಅತಿ ಹೆಚ್ಚು ಬಿದ್ದ ಜಿಲ್ಲೆಗಳಲ್ಲಿ ಇದು ಒಂದು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಸತ್ತವರು, ಗುಳೆ ಹೋಗಿ ತಿರುಗಿ ಬಾರದವರು, ಹುಟ್ಟದೆ ಹೋದ ಮಕ್ಕಳು ಎಲ್ಲ ಆ ವ್ಯತ್ಯಾಸದಲ್ಲಿ ಸೇರಿದ್ದಾರೆ. ಒಕ್ಕಲಿಗನ ಮನೆಯಲ್ಲಿ ಜೋಳ ಮುಗಿದಾಗ ನೇಕಾರನ ಮನೆಯಲ್ಲಿ ಮಗ್ಗ ನಿಲ್ಲುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವರು ಸೀರೆ ಕೊಳ್ಳುವುದಿಲ್ಲ. ಹೀಗಾಗಿ ಮಗ್ಗವನ್ನೇ ನಂಬಿದ ಇಳಕಲ್, ಗುಳೇದಗುಡ್ಡದಂಥ ಊರುಗಳಿಗೆ ಬರ ಎರಡು ಕಡೆಯಿಂದ ಹೊಡೆಯುತ್ತಿತ್ತು.

ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ಆದರೆ ಎಷ್ಟು ಕಡಿಮೆ ಕೊಟ್ಟರೆ ಜನ ಬದುಕಿಯಾರು ಎಂಬುದೇ ಅಧಿಕಾರಿಗಳ ಚಿಂತೆಯಾಗಿತ್ತು. ವೈಸರಾಯ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದ. ‘ಟೆಂಪಲ್ ಕೂಲಿ’ ಎಂದು ಇದು ಕುಪ್ರಸಿದ್ಧವಾಯಿತು. ಇಡೀ ದಿನ ಕಲ್ಲು ಒಡೆಯುವವನಿಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಷ್ ವಾದಿಸಿದ. ಮುಂಬೈ ಪ್ರಾಂತದಲ್ಲಿ ಕೂಲಿ ಇಳಿಸಿದಾಗ ಸಾವಿರಾರು ಜನ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಅನ್ನದ ಪ್ರಶ್ನೆ ದಾನಿಯ ಅಂಗಳದಿಂದ ಸರ್ಕಾರದ ಕಚೇರಿಗೆ ಬಂದದ್ದು ಹೀಗೆ. 1880ರಲ್ಲಿ ಬರಗಾಲ ಆಯೋಗ ವರದಿ ಕೊಟ್ಟಿತು. ಬರ ಬಂದರೆ ಆಡಳಿತ ಏನು ಮಾಡಬೇಕೆಂಬ ನಿಯಮಾವಳಿ ಅದರ ಬೆನ್ನಿಗೆ ಬಂತು. ಬಾಗಲಕೋಟೆ, ಬಾದಾಮಿಗಳ ಮೂಲಕ ಹಾಯುವ ಹೊಟಗಿ–ಗದಗ ರೈಲು ಮಾರ್ಗ 1880ರ ದಶಕದಲ್ಲಿ ಬಂದದ್ದಕ್ಕೂ ಬರಪೀಡಿತ ಸೀಮೆಗೆ ಧಾನ್ಯ ಮುಟ್ಟಿಸಬೇಕೆಂಬ ಯೋಚನೆಯೇ ಮುಖ್ಯ ಕಾರಣ. 1896–97ರಲ್ಲಿ, 1899–1900ರಲ್ಲಿ ಮತ್ತೆ ಬರ ಬಂತು.

ವಾರಾನ್ನದ ಏಳು ಮನೆ

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಊಟದ ಜೊತೆ ಇನ್ನೊಂದು ಮಾತು ಸೇರಿಕೊಂಡಿತು. ಅದು ಓದು. ಹಳ್ಳಿಯಲ್ಲಿ ಮೂರನೆಯದೋ ನಾಲ್ಕನೆಯದೋ ಇಯತ್ತೆ ಮುಗಿಸಿದ ಬಡ ಹುಡುಗ ಮುಂದೆ ಕಲಿಯಬೇಕಾದರೆ ಪೇಟೆಗೆ ಹೋಗಬೇಕು. ಅಲ್ಲಿ ಇರುವುದೆಲ್ಲಿ, ಉಣ್ಣುವುದೆಲ್ಲಿ? ಇದಕ್ಕೆ ಸಮಾಜ ಕಂಡುಕೊಂಡ ಒಂದು ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ ಹಿಡಿದು ಹುಡುಗರು ಉಂಡು ಓದುತ್ತಿದ್ದರು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಮನೆಯೊಡತಿಯ ಮುಖ ನೋಡಿ ತುತ್ತು ಇಳಿಸಬೇಕು. ವಾರಾನ್ನ ಉಂಡು ವಕೀಲರು, ಮಾಸ್ತರರು, ಅಧಿಕಾರಿಗಳಾದವರು ನಾಡಿನಲ್ಲಿ ಬಹಳ. ಆದರೆ ವಾರಾನ್ನ ಸಿಗುತ್ತಿದ್ದದ್ದು ಹೆಚ್ಚಾಗಿ ಸ್ವಂತ ಜಾತಿಯವರ ಮನೆಯಲ್ಲಿ. ಕೇರಿಯ ಹುಡುಗನಿಗೆ ಆ ಏಳು ಬಾಗಿಲುಗಳೂ ಮುಚ್ಚಿದ್ದವು.

ಎರಡನೆಯ ದಾರಿ ಮಠಗಳ ಉಚಿತ ಪ್ರಸಾದ ನಿಲಯ. ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಶಿವಯೋಗಮಂದಿರವನ್ನು ಕಟ್ಟಿದರು. ಮಠಗಳಿಗೆ ಸ್ವಾಮಿಗಳಾಗುವ ವಟುಗಳನ್ನು ತಯಾರು ಮಾಡುವುದು ಅದರ ಉದ್ದೇಶ. ಅಲ್ಲಿ ಕಲಿತವರು ನಾಡಿನ ಮೂಲೆಮೂಲೆಗೆ ಹೋಗಿ ಶಾಲೆ, ಪ್ರಸಾದ ನಿಲಯಗಳನ್ನು ತೆರೆದರು. ಅದೇ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಆ ಮಕ್ಕಳ ಅನ್ನಕ್ಕಾಗಿ ಆಶ್ರಮ ನಾಟಕ ಕಂಪನಿಯನ್ನೇ ನಡೆಸಿತು. ಬಾಗಲಕೋಟೆಯಲ್ಲಿ 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘಕ್ಕೂ ಮಠದ ಬೆಂಬಲವೇ ಮೊದಲ ಬಂಡವಾಳ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲಕ್ಕೆ ಎಲ್ಲ ಜಾತಿಗಳ ಸಾವಿರಾರು ಮಕ್ಕಳು ಒಟ್ಟಿಗೆ ಉಂಡು ಓದಿದರು. ಅವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆ ದಿನವನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ.

ಎಲ್ಲ ನಿಲಯಗಳೂ ಸಿದ್ಧಗಂಗೆಯಂತೆ ಇರಲಿಲ್ಲ. ಬಹಳಷ್ಟು ಬೋರ್ಡಿಂಗುಗಳು ಒಂದೊಂದು ಜಾತಿಯ ಹೆಸರಿನಲ್ಲೇ ನಡೆದವು. ಎಲ್ಲಿಯೂ ಸ್ಥಳ ಸಿಗದ ಮಕ್ಕಳಿಗಾಗಿ ಕೆಲವರು ಬೇರೆಯೇ ದಾರಿ ಹಿಡಿದರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ದಂಪತಿ ದಲಿತ ಬಾಲಕಿಯರ ಆಶ್ರಮ ನಡೆಸಿ ಸ್ವಂತದವರ ವಿರೋಧ ಕಟ್ಟಿಕೊಂಡರು. ಸ್ವಾತಂತ್ರ್ಯಾನಂತರ ಸಮಾಜ ಕಲ್ಯಾಣ ಇಲಾಖೆಯ ವಸತಿ ನಿಲಯಗಳು ಬಂದವು. 1970ರ ದಶಕದಲ್ಲಿ ದೇವರಾಜ ಅರಸು ಅವರ ಕಾಲಕ್ಕೆ ಹಿಂದುಳಿದ ವರ್ಗಗಳ ನಿಲಯಗಳು ಹೆಚ್ಚಿದವು. ಈ ಭಾಗದಲ್ಲಿ ಮೊದಲ ತಲೆಮಾರಿನ ದಲಿತ, ಹಿಂದುಳಿದ ಪದವೀಧರರ ಹಿಂದೆ ಬಹುಮಟ್ಟಿಗೆ ಈ ನಿಲಯಗಳ ಅನ್ನವೇ ಇದೆ.

ಇಳಕಲ್ಲಿನ ಜೋಳಿಗೆ

ಮಠದ ಜೋಳಿಗೆಗೆ ಹೊಸ ಕೆಲಸ ಕೊಟ್ಟವರು ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು. 1975ರಲ್ಲಿ ಅವರು ‘ಮಹಾಂತ ಜೋಳಿಗೆ’ ಆರಂಭಿಸಿದರು. ಜೋಳಿಗೆ ಹಿಡಿದು ಮನೆಮನೆಗೆ, ಕೇರಿಕೇರಿಗೆ ಹೋದರು. ಆದರೆ ಜೋಳ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ನಿಮ್ಮ ಕುಡಿತ, ಬೀಡಿ, ತಂಬಾಕುಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಜನ ಬೀಡಿ ಕಟ್ಟು, ಸಾರಾಯಿ ಬಾಟಲಿ, ಗುಟ್ಕಾ ಚೀಟಿಗಳನ್ನು ಹಾಕಿ ಆಣೆ ಮಾಡಿದರು. ನಾಲ್ಕು ದಶಕಗಳ ಕಾಲ ರಾಜ್ಯದ ಒಳಗೆ, ಹೊರಗೆ ಈ ಜೋಳಿಗೆ ತಿರುಗಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೆ ಬಂದಿದೆ.

ಮಕ್ಕಳ ಊಟದ ಮಾತಿನಲ್ಲಿ ಇದನ್ನು ತರುವುದು ಅಪ್ರಸ್ತುತವಲ್ಲ. ಮಗ್ಗದಲ್ಲಿ ದುಡಿದವನ ಅಥವಾ ಗ್ರಾನೈಟ್ ಕ್ವಾರಿಯಲ್ಲಿ ದುಡಿದವನ ವಾರದ ಪಗಾರ ಶನಿವಾರ ಸಂಜೆ ಅಂಗಡಿಯಲ್ಲೇ ಕರಗಿದರೆ ಭಾನುವಾರ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹೊರಗಿನವರು ತಂದು ಕೊಡುವ ಅನ್ನಕ್ಕಿಂತ ಮೊದಲು ಮನೆಯದೇ ಅನ್ನ ಮನೆಗೆ ಮುಟ್ಟಲಿ ಎಂಬ ವಿಚಾರ ಆ ಜೋಳಿಗೆಯಲ್ಲಿತ್ತು.

ಕೇರ್ ಉಪ್ಪಿಟ್ಟಿನಿಂದ ಅಕ್ಷರ ದಾಸೋಹಕ್ಕೆ

ಶಾಲೆಯಲ್ಲೇ ಊಟ ಹಾಕುವ ಯೋಚನೆ ದಕ್ಷಿಣದಲ್ಲಿ ಮೊದಲು ಬೇರೂರಿದ್ದು ಮದ್ರಾಸಿನಲ್ಲಿ. 1920ರ ದಶಕದಲ್ಲಿ ಅಲ್ಲಿನ ನಗರಸಭೆ ಕೆಲವು ಶಾಲೆಗಳಲ್ಲಿ ಇದನ್ನು ಮಾಡಿ ನೋಡಿತ್ತು. 1956ರಲ್ಲಿ ಮುಖ್ಯಮಂತ್ರಿ ಕಾಮರಾಜ್ ರಾಜ್ಯದ ಮಟ್ಟಕ್ಕೆ ತಂದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ದೊಡ್ಡದು ಮಾಡಿದರು. ಕರ್ನಾಟಕದಲ್ಲಿ 1960 ಮತ್ತು 70ರ ದಶಕದಲ್ಲಿ ಪ್ರಾಥಮಿಕ ಶಾಲೆಗೆ ಹೋದವರಿಗೆ ನೆನಪಿರುವುದು ಅಮೆರಿಕದ ‘ಕೇರ್’ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ. ಅದಕ್ಕೆ ‘ಕೇರ್ ಉಪ್ಪಿಟ್ಟು’ ಎಂದೇ ಹೆಸರು. 1972ರ ಬರದಲ್ಲಿ ಅವಿಭಜಿತ ವಿಜಾಪುರ ಜಿಲ್ಲೆ ಬೆಂದಾಗ ಆ ಉಪ್ಪಿಟ್ಟಿನ ಬೆಲೆ ಏನೆಂದು ತಾಯಂದಿರಿಗೆ ಗೊತ್ತಾಯಿತು. ಆದರೆ ಅದು ಪರದೇಶದ ಹಡಗಿನಲ್ಲಿ ಬಂದ ಉಡುಗೊರೆ. ಅಲ್ಲಿಯವರು ನಿಲ್ಲಿಸಿದರೆ ಇಲ್ಲಿ ಪಾತ್ರೆ ಖಾಲಿ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲಾ ಮಕ್ಕಳ ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿತು. ಅಡುಗೆ ಮಾಡಿ ಬಡಿಸಬೇಕೆಂದಿದ್ದರೂ ಹೆಚ್ಚಿನ ರಾಜ್ಯಗಳು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯ ಕೊಟ್ಟು ಕೈತೊಳೆದುಕೊಂಡವು. ಆ ಧಾನ್ಯ ಮನೆಯ ಎಲ್ಲರ ಹೊಟ್ಟೆಗೆ ಹಂಚಿಹೋಗುತ್ತಿತ್ತು. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿದ್ದಾರೆ ಎಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು ಆದೇಶ ನೀಡಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷದಲ್ಲಿ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನು ಇರುವ ಬಿಸಿಯೂಟ ಕೊಡಬೇಕು.

ಕರ್ನಾಟಕದಲ್ಲಿ ಅದಕ್ಕೆ ಸಿಕ್ಕ ಹೆಸರು ‘ಅಕ್ಷರ ದಾಸೋಹ’. 2002ರ ಜೂನ್‌ನಲ್ಲಿ ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಾಪುರಗಳ ಜೊತೆಗೆ ಬಾಗಲಕೋಟೆಯೂ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲು ಒಲೆ ಹೊತ್ತಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಮುಂದೆ ಮೇಲಿನ ತರಗತಿಗಳು ಸೇರಿ, 2007ರ ಹೊತ್ತಿಗೆ ಹತ್ತನೆಯ ತರಗತಿಯವರೆಗೆ ಬೆಳೆಯಿತು. ಬಸವಣ್ಣನ ಸೀಮೆಯ ಮಾತನ್ನೇ ಸರ್ಕಾರ ಎತ್ತಿಕೊಂಡಿತ್ತು. ಆದರೆ ಒಳಗಿನ ತಿರುಳು ಬದಲಾಗಿತ್ತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಶಾಲೆಯ ಊಟ ಮಗುವಿನ ಕಾನೂನಿನ ಹಕ್ಕು. ಅದೇ ವರ್ಷ ರಾಜ್ಯದಲ್ಲಿ ಬಡ ಕುಟುಂಬಗಳಿಗೆ ಅನ್ನಭಾಗ್ಯ, ಶಾಲಾ ಮಕ್ಕಳಿಗೆ ಕ್ಷೀರಭಾಗ್ಯ ಬಂದವು.

ಲೆಕ್ಕ ಈಗ ಗ್ರಾಂಗಳಲ್ಲಿದೆ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಿರಿಯ ಪ್ರಾಥಮಿಕಕ್ಕೆ 150, 30, 75 ಮತ್ತು ಏಳೂವರೆ ಗ್ರಾಂ. ಜೋಳದ ನಾಡಿನ ಮಕ್ಕಳ ತಟ್ಟೆಗೆ ಬೀಳುವುದು ಹೆಚ್ಚಾಗಿ ಅನ್ನ, ಸಾಂಬಾರು. ನೂರಾರು ಮಕ್ಕಳಿಗೆ ರೊಟ್ಟಿ ತಟ್ಟುವುದು ಶಾಲೆಯ ಒಲೆಯ ಮೇಲೆ ಆಗದ ಮಾತು.

ಪಂಕ್ತಿಯ ಪರೀಕ್ಷೆ

ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಊಟ ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ರಾಜ್ಯದ ಕೆಲವು ಊರುಗಳಲ್ಲಿ ದಲಿತ ಹೆಣ್ಣುಮಗಳು ಅಡುಗೆಗೆ ಬಂದಾಗ ಮೇಲ್ಜಾತಿಯ ತಂದೆತಾಯಿ ಮಕ್ಕಳನ್ನು ಊಟಕ್ಕೆ ಬಿಡಲಿಲ್ಲ. ಕೆಲವರು ಶಾಲೆಯನ್ನೇ ಬಿಡಿಸಿದರು. ಮಹಾಮನೆಯ ಪಂಕ್ತಿಗೆ ಎಂಟುನೂರು ವರ್ಷಗಳಾದರೂ ಪರೀಕ್ಷೆ ಮುಗಿದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೂ ಬಹುಪಾಲು ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ. ಅಜ್ಜಂದಿರ ಕಾಲಕ್ಕೆ ಊರಲ್ಲಿ ನೋಡಸಿಗದ ಪಂಕ್ತಿ ಅದು.

ಮೊಟ್ಟೆಯ ವಿಚಾರದಲ್ಲೂ ಇಂಥದೇ ಜಗ್ಗಾಟ ನಡೆಯಿತು. ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಕೆಂದು ಕೇಳಿ ಮುಂದೆ ಬಂದವರಲ್ಲಿ ಮಕ್ಕಳೇ ಇದ್ದರು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂಬ ಏರ್ಪಾಡಿನೊಂದಿಗೆ ಅದು ಎಲ್ಲ ಜಿಲ್ಲೆಗಳಿಗೂ ಹರಡಿತು.

ದಾನಿಗೆ ಉಳಿದ ಕೆಲಸ

ಊಟ ಹಕ್ಕಾದ ಮೇಲೆ ದಾನಿಗಳಿಗೆ, ದತ್ತಿ ಸಂಸ್ಥೆಗಳಿಗೆ ಏನು ಕೆಲಸ? 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತ ಆರಂಭವಾದ ಅಕ್ಷಯ ಪಾತ್ರ ಪ್ರತಿಷ್ಠಾನ 2004ರಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಅಡುಗೆಮನೆ ತೆರೆಯಿತು. ಅಲ್ಲಿ ಸರ್ಕಾರ ಧಾನ್ಯ ಮತ್ತು ಅನುದಾನ ಕೊಡುತ್ತದೆ, ಕೊರತೆ ಬೀಳುವುದನ್ನು ದಾನಿಗಳು ತುಂಬುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯ ಬಗ್ಗೆ ಟೀಕೆಗಳೂ ಬಂದಿವೆ. ಹಳ್ಳಿಗಳ ಶಾಲೆಯಲ್ಲೇ ಅಡುಗೆ ನಡೆಯುವ ಕಡೆ ಊರವರಿಗೇ ಕೆಲಸ ಸಿಗುತ್ತದೆ, ಊಟ ಕೆಟ್ಟರೆ ಕೇಳುವವರೂ ಊರಲ್ಲೇ ಇರುತ್ತಾರೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಇನ್ನೊಂದು ಮಾದರಿ ತೋರಿಸಿತು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಬೇರೆ ಅಡುಗೆಮನೆ ಕಟ್ಟಲಿಲ್ಲ. ಇದ್ದ ಪಂಕ್ತಿಗೇ ಒಂದು ಮೊಟ್ಟೆ ಸೇರಿಸಿತು.

ಇವೆರಡೂ ದೊಡ್ಡ ಲೆಕ್ಕಗಳು. ಇವಕ್ಕೆ ಸಿಗದ ಸಂದುಗಳು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಇನ್ನೂ ಇವೆ. ದೊಡ್ಡದು ಗುಳೆ. ಹಿಂಗಾರು ಕೈಕೊಟ್ಟ ವರ್ಷ ಕುಟುಂಬಗಳು ಗೋವಾ, ಮಂಗಳೂರು, ರತ್ನಾಗಿರಿ ಕಡೆ ದುಡಿಯಲು ಹೋಗುತ್ತವೆ. ಮಗು ಜೊತೆಗೆ ಹೋದರೆ ಶಾಲೆಯ ತಟ್ಟೆ ತಪ್ಪುತ್ತದೆ. ಅಜ್ಜಿಯ ಹತ್ತಿರ ಉಳಿದರೆ ಮಧ್ಯಾಹ್ನದ ಊಟ ಸಿಗುತ್ತದೆ, ರಾತ್ರಿಯದು ಅಜ್ಜಿಯ ಶಕ್ತಿ. ಎರಡನೆಯದು ರಜೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು 2004ರಲ್ಲೇ ಕೋರ್ಟು ಹೇಳಿದೆ. 2024ರ ಬೇಸಿಗೆಯಲ್ಲಿ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಅದು ನಡೆಯಿತು. ಆದರೆ ಬರ ಎಂದು ಘೋಷಣೆಯಾಗದ ವರ್ಷವೂ ಏಪ್ರಿಲ್, ಮೇ ತಿಂಗಳು ಬಡವನ ಮನೆಗೆ ಬರವೇ. ಮೂರನೆಯದು ಅಡುಗೆಯವರು. ಕೇಂದ್ರ ಸರ್ಕಾರ 2009ರಲ್ಲಿ ಅವರ ಗೌರವಧನವನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿತು. ರಾಜ್ಯ ತನ್ನ ಪಾಲು ಸೇರಿಸುತ್ತ ಬಂದರೂ ಊರ ಮಕ್ಕಳಿಗೆ ಬಡಿಸುವ ಹೆಣ್ಣುಮಗಳ ಸ್ವಂತ ಮನೆ ಆ ದುಡ್ಡಿನಲ್ಲಿ ನಡೆಯುವುದಿಲ್ಲ. ಅವರು ಬೆಂಗಳೂರಿಗೆ ಹೋಗಿ ಮತ್ತೆ ಮತ್ತೆ ಧರಣಿ ಕೂತದ್ದು ಇದಕ್ಕೇ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಬಿಸಿಯೂಟವೂ ನಿಂತಿತು. ಮನೆಗೆ ಧಾನ್ಯ ಕೊಡಲಾಯಿತು. 1995ರ 3 ಕಿಲೊ ಧಾನ್ಯದ ಪಾಡು ಮತ್ತೆ ಕಣ್ಣಿಗೆ ಬಿತ್ತು. ಗುಳೆಯಿಂದ ತಿರುಗಿ ಬಂದ ಕುಟುಂಬಗಳಿಗೆ ಹಲವು ಊರುಗಳಲ್ಲಿ ಮಠಗಳು, ಯುವಕ ಸಂಘಗಳು, ವ್ಯಾಪಾರಿಗಳು ಕಿಟ್ ಹಂಚಿದರು. ಸರ್ಕಾರದ ವ್ಯವಸ್ಥೆ ನಿಂತ ಗಳಿಗೆಯಲ್ಲಿ ಹಳೆಯ ದಾಸೋಹ ಎದ್ದು ನಿಂತಿತ್ತು.

ದಾನ ಇದ್ದರೆ ಹಕ್ಕು ಬೇಡ, ಹಕ್ಕು ಬಂದರೆ ದಾನ ಬೇಡ ಎಂಬ ವಾದಕ್ಕೆ ಈ ಸೀಮೆಯ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಮಂಗಲೇಶನ ಸತ್ರದಲ್ಲಿ ಹದಿನಾರು ಎಲೆ ಗಟ್ಟಿಯಾಗಿತ್ತು, ಯಾಕೆಂದರೆ ಅದಕ್ಕೊಂದು ಹಳ್ಳಿಯ ಆದಾಯ ಬರೆದಿಟ್ಟಿತ್ತು. ಮಿಕ್ಕವರ ಪಾಲಿಗೆ ಮಿಕ್ಕಿದ್ದು. ಇಂದು ಬರೆದಿಟ್ಟ ಪಾಲು ಪ್ರತಿ ಮಗುವಿಗೂ ಇದೆ. ದಾನಿ ಕೈಹಾಕಬೇಕಾದದ್ದು ಆ ಪಾಲು ಮುಟ್ಟದ ಕಡೆ: ಗುಳೆ ಹೋದವರ ಮಕ್ಕಳು ಉಳಿಯುವ ಮನೆ, ರಜೆಯ ತಿಂಗಳು, ರಾತ್ರಿಯ ತುತ್ತು. ಊರಿನ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದಾಗ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಸಾಲಿನಲ್ಲಿ ಕಾಣದ ಮಕ್ಕಳು ಯಾರು ಎಂದು ನೋಡಿದರೆ, ಕೊಡಬೇಕಾದದ್ದು ಎಲ್ಲಿ ಎಂಬುದು ಬೇಗ ತಿಳಿಯುತ್ತದೆ.